ಕಿಟಕಿ ಕಟ್ಟೆಯ ಮೇಲಿನ ಎರಡು ಗ್ಲಾಸು

ಎರಡು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ಕಲಬುರಗಿಯಲ್ಲಿ ಚಿಂಚೋಳಿ ಬಸ್ ಹತ್ತುತ್ತೇನೆ. ಊರು ಮುಟ್ಟುವಾಗ ಹೊತ್ತು ಇಳಿದಿರುತ್ತದೆ. ನಮ್ಮ ಮನೆಯ ಪಡುವಣ ಕಿಟಕಿಗೆ ಶಹಾಬಾದ್ ಪರಸಿಯ ಕಟ್ಟೆ ಇದೆ. ಆ ಹೊತ್ತಿಗೆ ಅದರ ಮೇಲೆ ಎರಡು ಗಾಜಿನ ಗ್ಲಾಸು ಇರುತ್ತವೆ. ಒಂದರಲ್ಲಿ ಅಪ್ಪನ ಸಕ್ಕರೆ ಇಲ್ಲದ ಚಾ. ಇನ್ನೊಂದರಲ್ಲಿ ನೀರು, ನೀರಿನಲ್ಲಿ ಹೂ. ನಾಳೆಯ ಪೂಜೆಗೆಂದು ಅವ್ವ ಸಂಜೆಯೇ ಕಿತ್ತಿಟ್ಟ ನಾಲ್ಕು ಕಣಗಿಲ, ಒಂದೆರಡು ಗುಲಾಬಿ. ಎರಡೂ ಒಂದೇ ಜೊತೆಯ ಗ್ಲಾಸುಗಳು. ಯಾವುದು ಚಾದ್ದು, ಯಾವುದು ಹೂವಿನದ್ದು ಎಂಬ ಭೇದ ನಮ್ಮ ಮನೆಯಲ್ಲಿಲ್ಲ.

ಹುಟ್ಟಿದಾಗಿನಿಂದ ಇದನ್ನು ನೋಡಿದ್ದೇನೆ. ಅಂದರೆ ನೋಡಿಯೇ ಇರಲಿಲ್ಲ. ನೋಡಲು ಕಲಿಸಿದವನು 1883ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಒಬ್ಬ ಚಿತ್ರಕಾರ. ಹೆಸರು ಎದುವಾರ್ ಮಾನೆ. ನಮ್ಮ ಭಾಗದಲ್ಲಿ ಮಾನೆ ಎಂಬ ಅಡ್ಡಹೆಸರಿನ ಮನೆತನಗಳಿವೆ. ಹಾಸ್ಟೆಲ್‌ನಲ್ಲಿ ಈ ಹೆಸರು ಹೇಳಿದಾಗ ಗೆಳೆಯರು ಯಾವ ಊರಿನವನು ಎಂದು ಕೇಳಿದ್ದೂ ಉಂಟು. ತಾವರೆ ಕೊಳಗಳನ್ನು ಬರೆದ ಮೊನೆ ಬೇರೆ, ಇವನು ಬೇರೆ. ಇಬ್ಬರೂ ಗೆಳೆಯರು. ಹೆಸರಿನ ಗೊಂದಲ ಅವರ ಕಾಲದಲ್ಲೂ ಇತ್ತು.

ಮೊದಲು ಅಪ್ಪನ ವಿಷಯ ಹೇಳಿಬಿಡುತ್ತೇನೆ. ಅಪ್ಪ ಲಾರಿ ಓಡಿಸುತ್ತಿದ್ದರು. ಶಹಾಬಾದ್ ಕಡೆಯಿಂದ ಪರಸಿ ಕಲ್ಲು ಹೇರಿಕೊಂಡು ಸೊಲ್ಲಾಪುರ, ಹೈದರಾಬಾದ್ ಅಂತ ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೇ ಇರುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಕಲ್ಲಿನ ಅಂಚು ತಾಗಿ ಆದ ಹೆಬ್ಬೆರಳಿನ ಗಾಯ ಒಣಗಲಿಲ್ಲ. ನೋವೇ ಇಲ್ಲ ಎಂದು ಅವರೂ ಗಮನ ಕೊಡಲಿಲ್ಲ. ನೋವು ಗೊತ್ತಾಗದಿರುವುದೇ ಆ ಕಾಯಿಲೆಯ ಮೋಸ. ಕಳೆದ ವರ್ಷ ನನ್ನ ಮೂರನೇ ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿರುವಾಗ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಅಂದಿನಿಂದ ಅಪ್ಪನ ಲೋಕವೆಂದರೆ ಮಂಚ, ಕುರ್ಚಿ, ಆ ಕಿಟಕಿ.

ನಾನು ಮನೆಗೆ ಹೋಗುತ್ತಿದ್ದೆ, ಆದರೆ ಒಳಗೆ ಕೂಡುತ್ತಿರಲಿಲ್ಲ. ಅಂಗಳದಲ್ಲಿ ಮೊಬೈಲ್ ಹಿಡಿದು ನಿಲ್ಲುತ್ತಿದ್ದೆ. ಸಿಗ್ನಲ್ ಹೊರಗೇ ಚೆನ್ನಾಗಿ ಸಿಗುತ್ತದೆ ಎನ್ನುತ್ತಿದ್ದೆ. ನಿಜ ಏನೆಂದರೆ ಮಡಚಿ ಗಂಟು ಹಾಕಿದ ಆ ಲುಂಗಿಯ ತುದಿಯನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮಾನೆ ಸಿಕ್ಕಿದ್ದು ಕಲಬುರಗಿಯ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ಹುಡುಕುತ್ತಿದ್ದಾಗ ರಟ್ಟು ಹರಿದ ಒಂದು ಚಿತ್ರಗಳ ಪುಸ್ತಕ ಕೈಗೆ ಬಂತು. ತೆರೆದ ಪುಟದಲ್ಲಿ ಒಂದು ಸಣ್ಣ ಚಿತ್ರ. ಷಾಂಪೇನ್ ಕುಡಿಯುವ ಉದ್ದನೆಯ ಗ್ಲಾಸಿನಲ್ಲಿ ಗುಲಾಬಿಗಳನ್ನು ಇಟ್ಟಿದ್ದರು, ಅಷ್ಟೇ. ಹಿಂದೆ ಪರದೆ ಇಲ್ಲ, ಪಕ್ಕದಲ್ಲಿ ಹಣ್ಣಿನ ತಟ್ಟೆ ಇಲ್ಲ. ನನಗೆ ನೆನಪಾದದ್ದು ನಮ್ಮ ಕಿಟಕಿ ಕಟ್ಟೆ. ಕುಡಿಯುವ ಗ್ಲಾಸಿನಲ್ಲಿ ಹೂ ಇಡುವ ಮನೆ ನಮ್ಮದೊಂದೇ ಅಲ್ಲವಲ್ಲ ಎಂದು ನಗು ಬಂತು. ಅಡಿಯಲ್ಲಿ 1882 ಎಂದಿತ್ತು. ಇದನ್ನು ಬರೆದವನು ಮರುವರ್ಷ ತೀರಿಕೊಂಡ, ಸಾಯುವ ಹತ್ತು ದಿನ ಮೊದಲು ಅವನ ಎಡಗಾಲನ್ನು ಕತ್ತರಿಸಿದ್ದರು ಎಂದು ಪಕ್ಕದ ಪುಟದಲ್ಲಿ ಓದಿದೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಅಲ್ಲೇ ಬಿಟ್ಟು ಆ ಪುಸ್ತಕ ತಂದೆ.

ಮಾನೆ ಹುಟ್ಟಿದ್ದು 1832ರ ಜನವರಿ 23ರಂದು, ಪ್ಯಾರಿಸ್‌ನ ಅನುಕೂಲಸ್ಥ ಮನೆಯಲ್ಲಿ. ತಂದೆ ನ್ಯಾಯ ಇಲಾಖೆಯ ದೊಡ್ಡ ಅಧಿಕಾರಿ, ಮುಂದೆ ನ್ಯಾಯಾಧೀಶರಾದವರು. ತಾಯಿ ರಾಯಭಾರಿಯೊಬ್ಬರ ಮಗಳು. ಮಗ ಕಾನೂನು ಓದಬೇಕು ಎಂಬುದು ತಂದೆಯ ಆಸೆ. ಹುಡುಗನಿಗೆ ಚಿತ್ರದ ಹುಚ್ಚು. ಅದನ್ನು ಹಚ್ಚಿದವನು ಸೋದರಮಾವ, ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಹಳೆಯ ಚಿತ್ರಗಳ ಮುಂದೆ ನಿಲ್ಲಿಸುತ್ತಿದ್ದ. ಕೊನೆಗೆ ರಾಜಿಯಾಗಿ ಗೊತ್ತಾದದ್ದು ನೌಕಾಪಡೆ. ಪ್ರವೇಶ ಪರೀಕ್ಷೆ ಬರೆದ, ನಪಾಸಾದ. 1848ರ ಡಿಸೆಂಬರ್‌ನಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲು, ತರಬೇತಿ ಹಡಗು ಹತ್ತಿ ಬ್ರೆಜಿಲ್‌ನ ರಿಯೊಗೆ ಹೋಗಿ ಬಂದ. ಮರುವರ್ಷ ಮತ್ತೆ ಪರೀಕ್ಷೆ, ಮತ್ತೆ ನಪಾಸು. ಎರಡು ಸಲ ನಪಾಸಾದ ಮೇಲೆ ತಂದೆ ಚಿತ್ರ ಕಲಿಯಲು ಒಪ್ಪಿದರು. ಮ್ಯಾಥ್ಸ್ ಬ್ಯಾಕ್‌ಲಾಗ್ ಇಟ್ಟುಕೊಂಡ ನನ್ನಂಥವರಿಗೆ ಈ ಭಾಗ ಓದಲು ಹಿತವಾಗಿರುತ್ತದೆ. ಆದರೆ ನಪಾಸಾದವರೆಲ್ಲ ಮಾನೆ ಆಗುವುದಿಲ್ಲ ಎಂಬುದೂ ನನಗೆ ಗೊತ್ತು.

1850ರಿಂದ ಆರು ವರ್ಷ ತೊಮಾ ಕುತ್ಯೂರ್ ಎಂಬ ಹೆಸರಾಂತ ಚಿತ್ರಕಾರನ ಬಳಿ ಕಲಿತ. ಆಗ ಚಿತ್ರವೆಂದರೆ ಪುರಾಣ, ಯುದ್ಧ, ರಾಜರು. ಮಾನೆಗೆ ತನ್ನ ಬೀದಿಯ ಜನರನ್ನು ಬರೆಯಬೇಕಿತ್ತು. 1859ರಲ್ಲಿ ಪ್ಯಾರಿಸ್‌ನ ಚಿತ್ರ ಪ್ರದರ್ಶನವಾದ ಸಲೋನ್‌ಗೆ ಮೊದಲ ಸಲ ಚಿತ್ರ ಕಳಿಸಿದ. ಅಬ್ಸಿಂತ್ ಎಂಬ ಹಸಿರು ಮದ್ಯ ಕುಡಿಯುವ ಒಬ್ಬ ಬಡವ, ಪಕ್ಕದಲ್ಲಿ ಒಂದು ಗ್ಲಾಸು, ಕಾಲ ಬಳಿ ಉರುಳಿದ ಬಾಟಲಿ. ಚಿತ್ರ ತಿರಸ್ಕೃತವಾಯಿತು. ತೀರ್ಪುಗಾರರಲ್ಲಿ ಅದರ ಪರ ನಿಂತವನು ಹಿರಿಯ ಚಿತ್ರಕಾರ ದೆಲಕ್ರುವಾ ಮಾತ್ರ.

ಮುಂದಿನ ಇಪ್ಪತ್ತು ವರ್ಷ ಹೀಗೇ. 1863ರಲ್ಲಿ ಹುಲ್ಲಿನ ಮೇಲಿನ ಊಟದ ಚಿತ್ರವನ್ನು ಸಲೋನ್ ನಿರಾಕರಿಸಿತು. ಆ ವರ್ಷ ತಿರಸ್ಕೃತರ ಸಂಖ್ಯೆ ಎಷ್ಟಿತ್ತೆಂದರೆ, ಗಲಾಟೆ ತಡೆಯಲಾಗದೆ ಚಕ್ರವರ್ತಿ ಮೂರನೇ ನೆಪೋಲಿಯನ್ ತಿರಸ್ಕೃತರಿಗೇ ಪ್ರತ್ಯೇಕ ಪ್ರದರ್ಶನ ಏರ್ಪಡಿಸಿದ. ಅಲ್ಲಿ ಜನ ಮಾನೆಯ ಚಿತ್ರ ನೋಡಿ ನಕ್ಕರು. 1865ರಲ್ಲಿ ಒಲಿಂಪಿಯಾ ಸಲೋನ್‌ನಲ್ಲಿ ತೂಗಿತು. ಜನರ ಸಿಟ್ಟು ಕಂಡು ಕಾವಲುಗಾರರನ್ನು ಇಡಬೇಕಾಯಿತು, ಆಮೇಲೆ ಕೈಗೆ ಸಿಗದ ಎತ್ತರಕ್ಕೆ ಏರಿಸಿದರು. ಮಂಚದ ಮೇಲಿನ ಬೆತ್ತಲೆ ಹೆಣ್ಣು ನೇರ ನೋಡುತ್ತಾಳೆ ಎಂಬುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ, ಸೇವಕಿ ತಂದು ಹಿಡಿದಿರುವ ಹೂಗುಚ್ಛವನ್ನು ಬಹಳ ಜನ ನೋಡಿರಲಿಕ್ಕಿಲ್ಲ. ಕಾಗದದಲ್ಲಿ ಸುತ್ತಿದ ಹೂಗಳು, ಒಂದೊಂದು ಹೂವಿಗೂ ನಾಲ್ಕೈದು ಕುಂಚದ ಬೀಸು. ಕಿತ್ತಾಟ ನಡೆದಾಗಲೂ ಅವನ ಚಿತ್ರದ ಮೂಲೆಯಲ್ಲಿ ಹೂವೋ ಹಣ್ಣೋ ಒಂದು ಗ್ಲಾಸೋ ತಣ್ಣಗೆ ಕುಳಿತಿರುತ್ತಿತ್ತು. ಅವನ ತೈಲಚಿತ್ರಗಳಲ್ಲಿ ಸುಮಾರು ಐದನೇ ಒಂದು ಪಾಲು ಇಂಥ ಸ್ತಬ್ಧವಸ್ತುಗಳದ್ದೇ. ಆ ಕಾಲದ ಕಲಾಪಂಡಿತರ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ದರ್ಜೆ.

ಮನೆಯ ಬದುಕು ಗುಟ್ಟಿನದ್ದು. ತಮ್ಮಂದಿರಿಗೆ ಪಿಯಾನೊ ಕಲಿಸಲು ಬಂದ ಡಚ್ ಹುಡುಗಿ ಸುಜಾನ್ ಲೀನ್‌ಹಾಫ್‌ಳನ್ನು ಪ್ರೀತಿಸಿದ. ತಂದೆಗೆ ಹೇಳುವ ಧೈರ್ಯ ಕೊನೆಯವರೆಗೂ ಬರಲಿಲ್ಲ. 1862ರಲ್ಲಿ ತಂದೆ ತೀರಿದರು, ಮರುವರ್ಷ ಮದುವೆಯಾದ. ಸಲೋನ್‌ನ ಎದುರು ನಿಲ್ಲಬಲ್ಲವನು ಅಪ್ಪನ ಎದುರು ನಿಲ್ಲಲಾರದೆ ಹೋದ. ಇದನ್ನು ಓದಿದಾಗ ಅಂಗಳದಲ್ಲಿ ಮೊಬೈಲ್ ಹಿಡಿದು ನಿಂತ ನನ್ನನ್ನೇ ಕಂಡ ಹಾಗಾಯಿತು.

1867ರ ವಿಶ್ವ ವಸ್ತುಪ್ರದರ್ಶನದ ಹೊತ್ತಿಗೆ ತಾಯಿಯ ನೆರವಿನ ಹಣದಲ್ಲಿ ಸ್ವಂತ ಮಂಟಪ ಕಟ್ಟಿಸಿ 50ರಷ್ಟು ಚಿತ್ರ ಇಟ್ಟ. ಬಂದವರು ಕಡಿಮೆ. 1870ರಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್ಸನ್ನು ಮುತ್ತಿದಾಗ ಮನೆಯವರನ್ನು ದೂರ ಕಳಿಸಿ ತಾನು ರಾಷ್ಟ್ರೀಯ ಕಾವಲುಪಡೆ ಸೇರಿದ. 1873ರಲ್ಲಿ ಬಿಯರ್ ಗ್ಲಾಸು ಹಿಡಿದು ಪೈಪು ಸೇದುವ ಗುಂಡು ಮುಖದ ಮನುಷ್ಯನ ಚಿತ್ರ ಸಲೋನ್‌ನಲ್ಲಿ ಮೆಚ್ಚುಗೆ ಪಡೆಯಿತು. ಆದರೆ ಮರುವರ್ಷ ಮೊನೆ, ರೆನ್ವಾ, ದೆಗಾ ಮುಂತಾದ ಕಿರಿಯರು ಸಲೋನ್‌ಗೆ ಬೆನ್ನು ತೋರಿಸಿ ತಮ್ಮದೇ ಪ್ರದರ್ಶನ ಮಾಡಿದಾಗ, ಅವರೆಲ್ಲ ಗುರುವಿನಂತೆ ಕಾಣುತ್ತಿದ್ದ ಮಾನೆ ಸೇರಲಿಲ್ಲ. ತನ್ನನ್ನು ಹೊರಗೆ ತಳ್ಳಿದ ಬಾಗಿಲಿನಿಂದಲೇ ಒಳಗೆ ಹೋಗಬೇಕೆಂಬ ಹಟ.

ಬಾಗಿಲು ತೆರೆಯುವ ಹೊತ್ತಿಗೆ ಕಾಲು ಸೋತಿತ್ತು. ನಲವತ್ತಾರು, ನಲವತ್ತೇಳರ ವಯಸ್ಸಿಗೆ ಎಡಗಾಲಿನಲ್ಲಿ ನೋವು, ನಡಿಗೆಯಲ್ಲಿ ತೊಡಕು ಶುರುವಾಯಿತು. ಸಿಫಿಲಿಸ್ ರೋಗ ನರಮಂಡಲಕ್ಕೆ ಇಳಿದಾಗ ಬರುವ ಸ್ಥಿತಿ ಅದು. ಪೆನಿಸಿಲಿನ್ ಬರಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಕಿ ಇತ್ತು. ವೈದ್ಯರು ನೀರಿನ ಚಿಕಿತ್ಸೆ, ಹಳ್ಳಿಯ ಗಾಳಿ ಎಂದರು. ಬೇಸಿಗೆಗಳನ್ನು ಬೆಲ್‌ವ್ಯೂ, ವರ್ಸೇಲ್ಸ್, ರುಯೇಲ್‌ಗಳಲ್ಲಿ ಕಳೆದ. ಪ್ಯಾರಿಸ್‌ನ ರಸ್ತೆಗಳಲ್ಲಿ ಚೆಂದದ ಟೋಪಿ ಹಾಕಿ ತಿರುಗುವುದನ್ನೇ ಬದುಕು ಎಂದುಕೊಂಡಿದ್ದವನಿಗೆ ಹಳ್ಳಿ ಎಂದರೆ ಸೆರೆಮನೆ. ಗೆಳತಿಯರಿಗೆ ಪತ್ರ ಬರೆದ. ಪತ್ರದ ಅಂಚಿನಲ್ಲಿ ಜಲವರ್ಣದಲ್ಲಿ ಹಣ್ಣು, ಹೂ ಬರೆದು ಕಳಿಸಿದ.

ಆ ಕಾಲದ ಒಂದು ಘಟನೆ ಹೇಳಲೇಬೇಕು. 1880ರಲ್ಲಿ ಆಸ್ಪರಾಗಸ್ ಎಂಬ ತರಕಾರಿಯ ಒಂದು ಕಟ್ಟಿನ ಚಿತ್ರ ಬರೆದ. ಕೊಂಡವನು ಶಾರ್ಲ್ ಎಫ್ರುಸಿ. ಬೆಲೆ 800 ಫ್ರಾಂಕ್, ಅವನು ಖುಷಿಯಿಂದ 1000 ಕಳಿಸಿದ. ಮಾನೆ ಚಿಲ್ಲರೆ ವಾಪಸು ಕೊಡಲಿಲ್ಲ. ಒಂದೇ ಒಂದು ಆಸ್ಪರಾಗಸ್ ದಂಟಿನ ಚಿಕ್ಕ ಚಿತ್ರ ಬರೆದು, ನಿಮ್ಮ ಕಟ್ಟಿನಿಂದ ಒಂದು ಜಾರಿಬಿದ್ದಿತ್ತು ಎಂಬರ್ಥದ ಚೀಟಿಯೊಂದಿಗೆ ಕಳಿಸಿಕೊಟ್ಟ. ಕಟ್ಟಿನ ಚಿತ್ರ ಈಗ ಜರ್ಮನಿಯ ಕಲೋನ್‌ನಲ್ಲಿದೆ, ಒಂಟಿ ದಂಟು ಪ್ಯಾರಿಸ್‌ನ ಓರ್ಸೆ ವಸ್ತುಸಂಗ್ರಹಾಲಯದಲ್ಲಿ. ನಮ್ಮ ಸಂತೆಯಲ್ಲಿ ಕೊತ್ತಂಬರಿ ಕೊಸರು ಹಾಕುವ ಅಜ್ಜಿಯ ಕೈ ನೆನಪಾಗುತ್ತದೆ. ನೋವಿನಲ್ಲಿದ್ದವನು ಮಾಡಿದ ತಮಾಷೆ ಇದು ಎಂಬುದನ್ನು ಮರೆಯಬಾರದು.

1881ರಲ್ಲಿ ಸಲೋನ್ ಅವನಿಗೆ ಪದಕ ಕೊಟ್ಟಿತು. ಬಾಲ್ಯದ ಗೆಳೆಯ ಆಂತೊನಾನ್ ಪ್ರೂಸ್ತ್ ಕಲಾ ಸಚಿವನಾಗಿ ಲೀಜನ್ ಆಫ್ ಆನರ್ ಗೌರವ ಕೊಡಿಸಿದ. ಇನ್ನು ಪರೀಕ್ಷಕರ ಮುಂದೆ ನಿಲ್ಲಬೇಕಾಗಿರಲಿಲ್ಲ, ನಿಲ್ಲುವ ಶಕ್ತಿಯೂ ಇರಲಿಲ್ಲ. ಆಗ ಬರೆದದ್ದು ಕೊನೆಯ ದೊಡ್ಡ ಚಿತ್ರ, ಫೋಲಿ ಬೆರ್ಜೇರ್ ಎಂಬ ಮನರಂಜನಾ ಮಂದಿರದ ಬಾರ್. ಅಲ್ಲಿಗೆ ಹೋಗಿ ನಿಂತು ಬರೆಯಲು ಆಗದು. ಸ್ಟುಡಿಯೊದಲ್ಲೇ ಅಮೃತಶಿಲೆಯ ಮೇಜು ಹಾಕಿ, ಬಾಟಲಿ ಜೋಡಿಸಿ, ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯನ್ನೇ ಕರೆಸಿ ನಿಲ್ಲಿಸಿದ.

ಚಿತ್ರ 1882ರ ಸಲೋನ್‌ನಲ್ಲಿ ತೂಗಿತು, ಈಗ ಲಂಡನ್ನಿನ ಕೋರ್ಟೋಲ್ಡ್ ಗ್ಯಾಲರಿಯಲ್ಲಿದೆ. ಹುಡುಗಿಯ ಹಿಂದೆ ಇಡೀ ಗೋಡೆಯಷ್ಟು ಕನ್ನಡಿ. ಕನ್ನಡಿಯಲ್ಲಿ ರಾತ್ರಿಯ ಜನಜಂಗುಳಿ, ದೀಪಗಳು. ಅವಳ ಮುಖದಲ್ಲಿ ಮಾತ್ರ ಯಾರೂ ಇಲ್ಲದ ಊರಿನ ಒಂಟಿತನ. ಪ್ರತಿಬಿಂಬ ಇರಬೇಕಾದ ಜಾಗದಲ್ಲಿಲ್ಲ, ಬಲಕ್ಕೆ ಸರಿದಿದೆ. ನಾನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕಿರಣಗಳನ್ನು ಎಳೆದು ನೋಡಿದೆ, ಎದುರು ನಿಂತು ನೋಡಿದರೆ ಲೆಕ್ಕ ಕೂಡುವುದಿಲ್ಲ. ಮೇಜಿನ ಮೇಲೆ ಷಾಂಪೇನ್ ಬಾಟಲಿಗಳು, ಕೆಂಪು ತ್ರಿಕೋನದ ಬಾಸ್ ಬಿಯರ್, ಗಾಜಿನ ಬಟ್ಟಲಿನಲ್ಲಿ ಕಿತ್ತಳೆ. ಆ ಕೆಂಪು ತ್ರಿಕೋನ 1876ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್. ಎಡತುದಿಯ ಬಾಟಲಿಯ ಚೀಟಿಯ ಮೇಲೆ ಮಾನೆ ತನ್ನ ಸಹಿ ಹಾಕಿದ್ದಾನೆ. ಇವೆಲ್ಲದರ ನಡುವೆ, ಹುಡುಗಿಯ ಮುಂದೆ, ಒಂದು ಕುಡಿಯುವ ಗ್ಲಾಸಿನಲ್ಲಿ ನೀರು, ಅದರಲ್ಲಿ ಎರಡು ಗುಲಾಬಿ. ಅಷ್ಟು ಗದ್ದಲದ ಚಿತ್ರದಲ್ಲಿ ನನ್ನ ಕಣ್ಣು ಪ್ರತಿ ಸಲ ಹೋಗಿ ನಿಲ್ಲುವುದು ಆ ಗ್ಲಾಸಿನ ಮೇಲೆ.

ದೊಡ್ಡ ಚಿತ್ರ ಮುಗಿಯಿತು. ಇನ್ನು ದೊಡ್ಡ ಕ್ಯಾನ್‌ವಾಸಿನ ಮುಂದೆ ಹಿಂದೆ ಮುಂದೆ ಓಡಾಡುವುದು ಆಗದು. ಲೋಕ ಒಂದು ಮೇಜಿನಷ್ಟಕ್ಕೆ ಇಳಿಯಿತು. ಗೆಳೆಯ ಗೆಳತಿಯರು ನೋಡಲು ಬರುವಾಗ ಹೂ ತರುತ್ತಿದ್ದರು. ರೋಗಿಯನ್ನು ನೋಡಲು ಹೋಗುವಾಗ ನಾವು ಮೋಸಂಬಿ, ಬಿಸ್ಕತ್ತು ಒಯ್ಯುವ ಹಾಗೆ. ಗುಲಾಬಿ, ಲೈಲಾಕ್, ಕಾರ್ನೇಷನ್, ಪ್ಯಾನ್ಸಿ. ಅವನ್ನು ಗಾಜಿನ ಹೂದಾನಿಯಲ್ಲೋ ಕುಡಿಯುವ ಗ್ಲಾಸಿನಲ್ಲೋ ಇಟ್ಟು, ಕುಳಿತೇ ಬರೆಯುತ್ತಿದ್ದ. ಕೊನೆಯ ಆ ಅವಧಿಯಲ್ಲಿ ಹೀಗೆ 15ಕ್ಕೂ ಹೆಚ್ಚು ಹೂವಿನ ಚಿತ್ರಗಳಾದವು. ಹೆಚ್ಚಿನವು ನಮ್ಮ ದೇವರ ಫೋಟೊದಷ್ಟೇ ದೊಡ್ಡವು.

ಈ ಚಿತ್ರಗಳನ್ನು ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನೋಡಿದಾಗ ಕಂಡದ್ದು ಹೂವಲ್ಲ, ನೀರು. ಗಾಜಿನೊಳಗೆ ದಂಟುಗಳು ನೀರಿನ ಮಟ್ಟ ತಾಗಿದ ಕಡೆ ಮುರಿದ ಹಾಗೆ ಕಾಣುತ್ತವೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಗಾಜಿನದ್ದು ಸುಮಾರು 1.5. ಫಿಸಿಕ್ಸ್ ಪರೀಕ್ಷೆಗೆ ಸ್ನೆಲ್ ನಿಯಮ ಬಾಯಿಪಾಠ ಮಾಡಿದ್ದೆ, ಆದರೆ ಒಂದು ಗ್ಲಾಸು ಮುಂದಿಟ್ಟುಕೊಂಡು ನೋಡಿರಲಿಲ್ಲ. ಮಾನೆ ಸೂತ್ರ ಬರೆದಿಲ್ಲ. ನಾಲ್ಕು ಹಸಿರು ಗೆರೆ, ಅವು ಸರಿದ ಜಾಗದಲ್ಲಿ ಒಂದು ಬೂದು, ಗಾಜಿನ ಅಂಚಿಗೆ ಒಂದು ಬಿಳಿ ಚುಕ್ಕೆ. ಅಷ್ಟಕ್ಕೇ ನೀರು ತಣ್ಣಗಿದೆ ಎಂದು ಗೊತ್ತಾಗುತ್ತದೆ. ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ, ಸ್ವಲ್ಪ ದೂರ ಸರಿದರೆ ಗುಲಾಬಿ.

ಇವುಗಳಲ್ಲಿ ಅಳು ಇಲ್ಲ ಎಂಬುದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಸಾಯುತ್ತಿರುವವನು ಬರೆದ ಹೂ ಬಾಡಿರಬೇಕು, ಎಸಳು ಉದುರಿರಬೇಕು ಎಂದುಕೊಂಡಿದ್ದೆ. ಹಳೆಯ ಡಚ್ ಚಿತ್ರಕಾರರು ಹೂವಿನ ಪಕ್ಕ ತಲೆಬುರುಡೆ ಇಟ್ಟು ಬದುಕು ನಶ್ವರ ಎಂದು ಪಾಠ ಹೇಳುತ್ತಿದ್ದರು. ಮಾನೆಗೆ ಆ ಪಾಠ ಬೇಕಿರಲಿಲ್ಲ, ಅದು ಅವನ ಕಾಲಿನಲ್ಲೇ ಇತ್ತು. ಅವನ ಹೂಗಳು ಈಗಷ್ಟೇ ಯಾರೋ ತಂದು ನೀರಿಗೆ ಹಾಕಿದಂತಿವೆ. ಅವನು ಹೂವನ್ನು ತನ್ನ ದುಃಖದ ಗುರುತು ಮಾಡಲಿಲ್ಲ, ಹೂವನ್ನೇ ನೋಡಿದ. ಮೇಜು ಚಿಕ್ಕದಾಯಿತು, ನೋಟ ಚಿಕ್ಕದಾಗಲಿಲ್ಲ.

1883ರ ವಸಂತದಲ್ಲಿ ಗ್ಯಾಂಗ್ರೀನ್ ಏರಿತು. ಏಪ್ರಿಲ್ 20ರಂದು ಎಡಗಾಲು ತೆಗೆದರು. ಏಪ್ರಿಲ್ 30ರಂದು ಮಾನೆ ತೀರಿಕೊಂಡ. 51 ವರ್ಷ. ಪಾಸಿ ಸ್ಮಶಾನಕ್ಕೆ ಒಯ್ಯುವಾಗ ಶವಪೆಟ್ಟಿಗೆಯ ಜೊತೆ ನಡೆದವರಲ್ಲಿ ಚಿತ್ರಕಾರ ಮೊನೆ, ಕಾದಂಬರಿಕಾರ ಜೋಲಾ ಇದ್ದರು. ಏಳು ವರ್ಷದ ಮೇಲೆ ಅದೇ ಮೊನೆ ಚಂದಾ ಎತ್ತಿ, ಜನ ಉಗಿಯಲು ಹೋದ ಒಲಿಂಪಿಯಾ ಚಿತ್ರವನ್ನು ಮಾನೆಯ ವಿಧವೆಯಿಂದ ಕೊಂಡು ದೇಶಕ್ಕೆ ಒಪ್ಪಿಸಿದ. ಷಾಂಪೇನ್ ಗ್ಲಾಸಿನ ಗುಲಾಬಿಗಳು ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿವೆ.

ಅಪ್ಪನ ರೋಗ ಬೇರೆ, ಮಾನೆಯ ರೋಗ ಬೇರೆ. ಅಪ್ಪ ಬದುಕಿದ್ದಾರೆ, ಬದುಕುತ್ತಾರೆ. ಕೃತಕ ಕಾಲಿಗೆ ಅಳತೆ ಕೊಟ್ಟು ಬಂದಿದ್ದೇವೆ. ಅಪ್ಪ ಚಿತ್ರಕಾರರೂ ಅಲ್ಲ. ಆದರೆ ಆ ಪುಸ್ತಕ ಓದಿದ ಮುಂದಿನ ಶನಿವಾರ ನಾನು ಅಂಗಳದಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ ಅಪ್ಪನ ಪಕ್ಕ ಕುಳಿತೆ. ಅವ್ವ ನನಗೂ ಚಾ ಕೊಟ್ಟಳು. ಕಟ್ಟೆಯ ಮೇಲೆ ಮೂರು ಗ್ಲಾಸಾದವು.

ಪುಸ್ತಕ ತೆರೆದು ಗುಲಾಬಿಯ ಪುಟ ತೋರಿಸಿದೆ, ಬರೆದವನ ಕಾಲಿನ ಕಥೆಯನ್ನೂ ಹೇಳಿದೆ. ನಮ್ಮ ಮನೆಯಲ್ಲಿ ಕಾಲು ಎಂಬ ಮಾತು ಬಂದದ್ದು ಅದೇ ಮೊದಲು. ಅಪ್ಪ ಬಹಳ ಹೊತ್ತು ಪುಟ ನೋಡಿದರು. ಆಮೇಲೆ ಕೇಳಿದ್ದು ಕಾಲಿನ ವಿಷಯವಲ್ಲ, ಆ ಗ್ಲಾಸಿಗೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು. ಇಪ್ಪತ್ತು ವರ್ಷ ರಾತ್ರಿ ಲಾರಿ ಓಡಿಸಿದ ಮನುಷ್ಯ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುವುದು ಅವರ ಕಸುಬು.

ಹೊರಗೆ ತೊಗರಿ ಹೊಲಗಳ ಆಚೆ ಹೊತ್ತು ಮುಳುಗುತ್ತಿತ್ತು. ಬಿಸಿಲು ಪರಸಿಯ ಬೂದು ಕಲ್ಲಿನ ಮೇಲೆ ಅಡ್ಡ ಬಿದ್ದಿತ್ತು. ಹೂವಿನ ಗ್ಲಾಸನ್ನು ಚೂರು ಎಡಕ್ಕೆ ಸರಿಸಲು ಅಪ್ಪ ಹೇಳಿದರು. ಸರಿಸಿದೆ. ನೀರಿನ ಮೂಲಕ ಹಾದ ಬೆಳಕು ಕಲ್ಲಿನ ಮೇಲೆ ನಡುಗುವ ಒಂದು ಗೆರೆಯಾಗಿ ಬಿತ್ತು, ಪಕ್ಕದ ಚಾ ಜೇನಿನ ಬಣ್ಣಕ್ಕೆ ತಿರುಗಿತು. ಕಣಗಿಲದ ದಂಟುಗಳು ನೀರಿನ ಮಟ್ಟದಲ್ಲಿ ಮುರಿದು ಕಂಡವು. ಮುರಿದಿಲ್ಲ, ಹಾಗೆ ಕಾಣುತ್ತವೆ ಅಷ್ಟೇ ಎಂದು ಅಪ್ಪನಿಗೆ ಸ್ನೆಲ್ ನಿಯಮ ಹೇಳಲು ಹೊರಟೆ. ಅಪ್ಪ ಕೈ ಅಡ್ಡ ಹಿಡಿದು ಸುಮ್ಮನಿರು ಎಂಬಂತೆ ಸನ್ನೆ ಮಾಡಿದರು. ಬೆಳಕು ಹೋಗುವವರೆಗೆ ಇಬ್ಬರೂ ನೋಡಿದೆವು. ಆಮೇಲೆ ಅವ್ವ ದೀಪ ಹಾಕಿದಳು, ನಾನು ಖಾಲಿ ಗ್ಲಾಸು ತೊಳೆಯಲು ಎದ್ದೆ.